ಮೊಲ್ಲಗುಡವೋ, ಮುಲ್ಲಾಗುಡವೋ

ಹೈದರಾಬಾದಿನ ತಾರ್ನಾಕದ ಹಿಂಬದಿಗೆ ನಾವಿರುವ ಗಲ್ಲಿಗೆ ಮೂರು ಹೆಸರು. ನಮ್ಮ ಸಾಲಿನವರು ಮೊಲ್ಲಗುಡ ಅನ್ನುತ್ತಾರೆ. ತೆಲುಗಿನಲ್ಲಿ ಮೊಲ್ಲ ಅಂದರೆ ಒಂದು ಜಾತಿಯ ಮಲ್ಲಿಗೆ. ಹಿಂದೆ ಇಲ್ಲಿ ಹೂವಿನ ತೋಟ ಇತ್ತಂತೆ. ಎದುರು ಸಾಲಿನವರು ಮುಲ್ಲಾಗುಡ ಅನ್ನುತ್ತಾರೆ. ಹಿಂದೆ ಇಲ್ಲಿ ಒಬ್ಬ ಮುಲ್ಲಾ ಸಾಹೇಬರು ಬಾವಿ ತೋಡಿಸಿದ್ದರಂತೆ. ಆ ತೋಟವನ್ನಾಗಲಿ ಆ ಬಾವಿಯನ್ನಾಗಲಿ ಕಣ್ಣಾರೆ ಕಂಡವರು ಎರಡೂ ಸಾಲಿನಲ್ಲಿ ಒಬ್ಬರೂ ಇಲ್ಲ. ಮೂರನೆಯ ಹೆಸರು ನಮ್ಮ ಅತ್ತೆಯದು: ಮುಳ್ಳಗುಡಿ. ಕಲಬುರಗಿಯಿಂದ ಬಂದು ನಲವತ್ತು ವರ್ಷವಾದರೂ ಆಕೆಯ ಬಾಯಲ್ಲಿ ಕೇರಿ ಅನ್ನುವ ಅರ್ಥದ ಗುಡ ಎಲ್ಲ ಗುಡಿಯೇ. ಕಾಚಿಗುಡ ಸ್ಟೇಷನ್ನೂ ಆಕೆಗೆ ಕಾಚೀಗುಡಿ.

ನಾನು ಮೂವತ್ತು ವರ್ಷ ಪೋಸ್ಟಾಫೀಸಿನಲ್ಲಿ ಟಪಾಲು ವಿಂಗಡಿಸಿದವಳು. ಜನ ಒಂದೇ ಊರಿನ ಹೆಸರನ್ನು ಎಷ್ಟು ತರಹ ಬರೆಯಬಲ್ಲರು ಅಂತ ನನಗೆ ಗೊತ್ತು. ಗುಲ್ಬರ್ಗಾ, ಗುಲಬರಗಿ, ಕಲ್ಬುರ್ಗಿ, ಕಲಬುರಗಿ, ಎಲ್ಲವೂ ಒಂದೇ ಚೀಲಕ್ಕೆ ಬೀಳುತ್ತಿದ್ದವು. ಓದು ಬಾರದವರು ಯಾರ ಕೈಯಲ್ಲೋ ಬರೆಸಿದ ವಿಳಾಸ, ಮಳೆಯಲ್ಲಿ ಮಸಿ ಹರಡಿದ ವಿಳಾಸ, ಓಣಿಯ ಹೆಸರೇ ಇಲ್ಲದೆ ‘ಹುಣಸೇಮರದ ಎದುರು’ ಅಂತಷ್ಟೇ ಇದ್ದ ವಿಳಾಸ, ಯಾವುದನ್ನೂ ನಾನು ‘ಇಂಥ ಜಾಗ ಇಲ್ಲ’ ಅಂತ ಬರೆದು ವಾಪಸು ಕಳಿಸಿದವಳಲ್ಲ. ಆ ಕಡೆ ಯಾರೋ ಕಾಯುತ್ತಿರುತ್ತಾರೆ, ನಮ್ಮ ಕೆಲಸ ಅವರನ್ನು ಹುಡುಕುವುದು, ಅಷ್ಟೇ. ಅದಕ್ಕೇ ಆ ಮಳೆಗಾಲದಲ್ಲಿ ನಮ್ಮ ಗಲ್ಲಿಯಲ್ಲಿ ಆದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮ ಎರಡು ಸಾಲಿನ ನಡುವೆ ಒಂದು ಮೋರಿ. ಮೇಲೆ ಚಪ್ಪಡಿ ಹಾಸಿದ್ದಾರೆ, ಅದೇ ನಮ್ಮ ಕಾಲುದಾರಿ. ನಮ್ಮ ವಿಳಾಸದ ಕೊನೆಗೆ ಹೈದರಾಬಾದ್ ಅಂತ ಬರೆಯುತ್ತೇವೆ, ಎದುರಿನವರು ಸಿಕಂದರಾಬಾದ್ ಅಂತ ಬರೆಯುತ್ತಾರೆ. ಹೊರಗಿನವರಿಗೆ ಎರಡೂ ಒಂದೇ ಊರು. ಎದುರು ಸಾಲಿನ ಸಂಘದ ಅಧ್ಯಕ್ಷರಾದ ರಿಟೈರ್ಡ್ ರೈಲ್ವೆ ಗಾರ್ಡ್ ಮುಂದೆ ಹಾಗೆ ಹೇಳಿ ನೋಡಿ! ಇದೇ ಊರಿನ ಕೋಠಿ ಪೇಟೆಗೆ ಹೊರಟರೆ ಅವರು ‘ಹೈದ್ರಾಬಾದಿಗೆ ಹೋಗಿ ಬರ್ತೀನಿ’ ಅನ್ನುತ್ತಾರೆ, ಯಾವುದೋ ದೂರದ ಊರಿಗೆ ಹೊರಟವರ ಹಾಗೆ. ‘ಸಿಕಂದ್ರಾಬಾದ್ ಅನ್ನಬೇಡಿ ಬೆಹನ್‌ಜೀ, ಸಿಕಂದರ್ ಅಂತ ಪೂರಾ ಅನ್ನಿ, ಆಮೇಲೆ ಆಬಾದ್’ ಅಂತ ನನ್ನ ನಾಲಗೆಯನ್ನು ಎಷ್ಟು ಸಲ ತಿದ್ದಿದ್ದಾರೋ. ನಮ್ಮ ಸಾಲಿನ ಕಾರ್ಯದರ್ಶಿ ಒಬ್ಬ ತೆಲುಗು ಮಾಸ್ತರು. ಅವರೂ ರಿಟೈರ್ಡ್. ಇಬ್ಬರಿಗೂ ಬೇಕಾದಷ್ಟು ಪುರುಸೊತ್ತು.

ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಹಿಂದಕ್ಕೆ ಬರುವಾಗ ಗಾಲಿ ಚಪ್ಪಡಿಯ ಮೇಲೆ ಹತ್ತಿತು. ಚಪ್ಪಡಿ ಎರಡು ತುಂಡಾಗಿ ಒಂದು ತುಂಡು ಮೋರಿಯೊಳಗೆ ಬಿತ್ತು. ಯಾರೋ ಆ ತೆಗ್ಗಿನಲ್ಲಿ ಒಂದು ಬೇವಿನ ಟೊಂಗೆ ನೆಟ್ಟು ತುದಿಗೆ ಕೆಂಪು ಅರಿವೆ ಕಟ್ಟಿದರು. ಅಷ್ಟಕ್ಕೆ ಎಲ್ಲರಿಗೂ ಸಮಾಧಾನವಾಯಿತು.

ಅತ್ತೆಗೆ ಆಗಲಿಲ್ಲ. ಆಕೆಗೆ ಆಗ ಎಂಬತ್ತೊಂದು. ದಿನಾ ಸಂಜೆ ಗಲ್ಲಿಯ ತುದಿಯ ಹನುಮಂತನ ಗುಡಿಗೆ ನನ್ನ ಕೈ ಹಿಡಿದು ಹೋಗುತ್ತಿದ್ದಳು. ‘ನೀ ಆಫೀಸಿನ್ಯಾಗ ಕೆಲಸ ಮಾಡಿದಾಕಿ, ನಿನ್ನ ಮಾತು ಕೇಳ್ತಾರ. ಆ ತೆಗ್ಗು ಮುಚ್ಚಸವಾ’ ಅಂದಳು.

ಕಾರ್ಪೊರೇಷನ್ನಿನ ದೂರಿನ ನಂಬರಿಗೆ ಫೋನು ಮಾಡಿದೆ. ಆ ಕಡೆಯ ಹುಡುಗಿ ಗಲ್ಲಿಯ ಹೆಸರು ಕೇಳಿದಳು, ಹೇಳಿದೆ. ಅಕ್ಷರ ಬಿಡಿಸಿ ಹೇಳಿ ಅಂದಳು, ಹೇಳಿದೆ. ನಾಲ್ಕನೆಯ ದಿನ ಮೊಬೈಲಿಗೆ ಸಂದೇಶ ಬಂತು: ಸ್ಥಳ ಪರಿಶೀಲಿಸಲಾಗಿದೆ, ಸಮಸ್ಯೆ ಕಂಡುಬಂದಿಲ್ಲ, ದೂರು ಮುಕ್ತಾಯ. ಜೊತೆಗೊಂದು ಫೋಟೋ. ಚೆಂದದ ರಸ್ತೆ, ಪಕ್ಕದಲ್ಲಿ ಹಾಲಿನ ಬೂತು. ನಮ್ಮ ಗಲ್ಲಿಯಲ್ಲಿ ಹಾಲಿನ ಬೂತೇ ಇಲ್ಲ. ವಿಚಾರಿಸಿದರೆ, ನನ್ನ ಮೊಲ್ಲಗುಡ ಆಕೆಯ ಕಿವಿಗೆ ಮಲ್ಲಗುಡ ಅಂತ ಬಿದ್ದು, ಆ ಹೆಸರಿನ ಇನ್ನೆಲ್ಲೋ ದೂರದ ಜಾಗಕ್ಕೆ ಜನ ಹೋಗಿ ನೋಡಿ ಬಂದಿದ್ದರು. ಮತ್ತೆ ಫೋನು ಮಾಡಿದರೆ ಈ ಸಲ ಒಬ್ಬ ಗಂಡಸು ಹಿಂದಿಯಲ್ಲಿ ಹೇಳಿದ: ‘ನಿಮ್ಮ ಉಚ್ಚಾರಣೆ ಸ್ಪಷ್ಟ ಇರಲಿಲ್ಲ ಮೇಡಂ.’

ಮಾಸ್ತರಿಗೆ ಹೇಳಿದೆ. ಅವರು ನಕ್ಕರು. ‘ಅದಕ್ಕೇ ಅಮ್ಮಾ, ಮೊದಲು ಬೋರ್ಡು ಆಗಬೇಕು. ಮೊಲ್ಲಗುಡ ಅಂತ ದೊಡ್ಡ ಬೋರ್ಡು ನೆಟ್ಟರೆ ಯಾರಿಗೂ ಗೊಂದಲ ಆಗೋದಿಲ್ಲ.’ ಈ ಸುದ್ದಿ ಎದುರು ಸಾಲಿಗೆ ಹೋದದ್ದೇ ತಡ, ಗಾರ್ಡ್ ಸಾಹೇಬರು ಮುಲ್ಲಾಗುಡ ಅಂತಲೇ ಬೋರ್ಡಾಗಬೇಕು ಅಂತ ಸಹಿ ಸಂಗ್ರಹ ಶುರು ಮಾಡಿದರು. ಇವರೊಂದು ಅರ್ಜಿ, ಅವರೊಂದು ಅರ್ಜಿ. ವಾಟ್ಸಾಪಿನಲ್ಲಿ ಬೆಳಗಿನಿಂದ ಮಲಗುವ ತನಕ ಹಳೆಯ ನಕಾಶೆ, ಯಾರದೋ ಅಜ್ಜನ ಕಾಲದ ಬಾಡಿಗೆ ಚೀಟಿ, ಮಲ್ಲಿಗೆ ಹೂವಿನ ಚಿತ್ರ. ತೆಗ್ಗಿನ ಮಾತು ಯಾರೂ ಎತ್ತಲಿಲ್ಲ. ಬೇವಿನ ಎಲೆ ಒಣಗಿ ಉದುರಿ ಬರೀ ಕಡ್ಡಿ ಉಳಿಯಿತು.

ಇಲ್ಲಿಯವರೆಗಿನ ಸಿಟ್ಟು ಬೇರೆಯವರ ಮೇಲಿನದು. ಅದನ್ನು ಹೇಳುವುದು ಸುಲಭ. ಮುಂದಿನದು ಹಾಗಲ್ಲ.

ಆವತ್ತು ಸಂಜೆ ಜೋರು ಮಳೆ ಬಂದು ಆಗಷ್ಟೇ ಬಿಟ್ಟಿತ್ತು. ಅತ್ತೆಯೂ ನಾನೂ ಗುಡಿಗೆ ಹೊರಟು ಗೇಟಿನ ಹತ್ತಿರ ಬಂದೆವು. ನಮ್ಮ ಕಟ್ಟಡದ ಎರಡನೆಯ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಮೈಸೂರಿನ ಹುಡುಗಿ ಎದುರಾದಳು. ಯಾವುದೋ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ನಾವು ಮಾತಾಡುವುದು ಕೇಳಿ ನಿಂತಳು.

‘ಆಂಟಿ, ನೀವು ಕನ್ನಡದವರಾ? ನಾನು ಇಷ್ಟು ದಿನ ತೆಲುಗು ಅಂದ್ಕೊಂಡಿದ್ದೆ!’

‘ತೆಲುಗು ಯಾಕಾಗ್ತದ? ನಮ್ಮದು ಕಲಬುರಗಿ’ ಅಂದೆ.

‘ಓ, ಗುಲ್ಬರ್ಗನಾ? ಅದು ಇಲ್ಲೇ ಆಂಧ್ರದ ಕಡೆ ಅಲ್ವಾ? ತುಂಬಾ ಬಿಸಿಲಂತೆ.’ ಗಲ್ಲಿಯತ್ತ ನೋಡಿ ಮೂಗು ಮುಚ್ಚಿಕೊಂಡಳು. ‘ನಮ್ಮ ಮೈಸೂರಲ್ಲಿ ಇಂಥ ರೋಡ್ ಹುಡುಕಿದ್ರೂ ಸಿಗಲ್ಲ ಆಂಟಿ.’

ಹುಡುಗಿ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನಗೆ ಮಾತ್ರ ನೆತ್ತಿಗೇರಿತು. ‘ಗುಲ್ಬರ್ಗ ಅನಬ್ಯಾಡವಾ, ಕಲಬುರಗಿ. ಆಂಧ್ರದ ಕಡೆ ಅಲ್ಲ, ಕನ್ನಡ ಹುಟ್ಟಿದ ನೆಲ ಅದು’ ಅಂತ ಶುರು ಮಾಡಿದೆ. ನಮ್ಮ ಮನೆಯಲ್ಲಿ ನಾವೆಲ್ಲ ಗುಲ್ಬರ್ಗಾ ಅಂತಲೇ ಅನ್ನುವುದು, ಅದು ಆಗ ನೆನಪಾಗಲಿಲ್ಲ. ನಮ್ಮ ಕೋಟೆ, ನಮ್ಮ ತೊಗರಿಬೇಳೆ, ನಮ್ಮ ಶರಣರು, ಮೈಸೂರಿನವರ ಮೆತ್ತನೆಯ ಮಾತಿನ ಒಳಗಿನ ಸೊಕ್ಕು, ಎಲ್ಲ ಬಂತು. ಆಕೆಯೂ ಬಿಡಲಿಲ್ಲ. ‘ಹಾಗಾದ್ರೆ ಅಲ್ಲೇ ಇರಬೋದಿತ್ತಲ್ಲ, ಇಲ್ಲಿಗ್ಯಾಕೆ ಬಂದ್ರಿ?’ ಅಂದಳು. ನಾನು ಇನ್ನೂ ದನಿ ಏರಿಸಿದೆ.

‘ನಾ ಹೊಂಟೆ. ದೀಪ ಹಚ್ಚೂ ಹೊತ್ತಾತು’ ಅಂದಳು ಅತ್ತೆ.

‘ಎರಡು ಮಿನಿಟ್ ನಿಂದ್ರಿ ಅತ್ತಿ’ ಅಂದೆ, ಆಕೆಯ ಕಡೆ ತಿರುಗಿಯೂ ನೋಡದೆ.

ಎರಡು ಮಿನಿಟು ಎಷ್ಟಾಯಿತೋ. ಒಂದು ಸಣ್ಣ ಕೂಗು ಕೇಳಿತು. ‘ಯವ್ವಾ’ ಅಂತ, ಅಷ್ಟೇ.

ಮಳೆನೀರು ತೆಗ್ಗನ್ನು ತುಂಬಿ ರಸ್ತೆಯ ಸಮಕ್ಕೆ ನಿಂತಿತ್ತು. ಆ ಕಡ್ಡಿಯೂ ತೇಲಿಹೋಗಿತ್ತು. ಅತ್ತೆ ಎದೆಮಟ್ಟ ಕಪ್ಪುನೀರಿನಲ್ಲಿ ನಿಂತು, ಉಳಿದ ಚಪ್ಪಡಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ನಿಂತಿದ್ದಳು ಅನ್ನುವುದೂ ತಪ್ಪು. ಜೋತುಬಿದ್ದಿದ್ದಳು. ನಾನು ಓಡುವಷ್ಟರಲ್ಲಿ ಮೈಸೂರಿನ ಹುಡುಗಿ ನನ್ನನ್ನು ದಾಟಿ ಹೋಗಿ ಆ ಹೊಲಸು ನೀರಿಗೆ ಇಳಿದುಬಿಟ್ಟಿದ್ದಳು. ‘ಅಜ್ಜಿ, ನನ್ನ ಕುತ್ತಿಗೆ ಹಿಡ್ಕೊಳ್ಳಿ, ಗಟ್ಟಿಯಾಗಿ ಹಿಡ್ಕೊಳ್ಳಿ’ ಅನ್ನುತ್ತ ಕೆಳಗಿನಿಂದ ಎತ್ತಿದಳು. ಎದುರು ಮನೆಯಿಂದ ಗಾರ್ಡ್ ಸಾಹೇಬರು ಬನಿಯನ್ನಿನಲ್ಲೇ ಓಡಿ ಬಂದರು. ಅವರೂ ನಾನೂ ಮೇಲಿನಿಂದ ಎಳೆದೆವು. ಮೇಲೆ ಬಂದ ಅತ್ತೆ ಹೇಳಿದ್ದು ಒಂದೇ ಮಾತು: ‘ಸೀರಿ ಸರಿ ಮಾಡವಾ.’

ಸೊಂಟದ ಎಲುಬು ಮುರಿದಿತ್ತು. ಬೇಗಂ ಬಜಾರಿನ ಸ್ಟೀಲ್ ಪಾತ್ರೆಯ ಅಂಗಡಿ ಮುಚ್ಚಿ ನನ್ನ ಗಂಡ ನೇರ ಆಸ್ಪತ್ರೆಗೆ ಬಂದ. ‘ನೀ ಎಲ್ಲಿದ್ದಿ?’ ಅಂತ ಕೇಳಿದ. ‘ಅಲ್ಲೇ ಇದ್ದೆ’ ಅಂದೆ. ಅದು ಸುಳ್ಳಲ್ಲ. ಯಾವ ಸುಳ್ಳೂ ನನಗೆ ಅಷ್ಟು ಚುಚ್ಚಿಲ್ಲ.

ಎಲುಬಿಗೆ ರಾಡು ಹಾಕಿದ ಮರುದಿನ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮೊಬೈಲು ತೆಗೆದೆ. ಗಲ್ಲಿಯ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು, ‘ಅಮ್ಮನವರು ಬೇಗ ಗುಣವಾಗಲಿ’ ಅಂತ ಹಾರೈಕೆಗಳು. ಅದರ ಕೆಳಗೇ ಮಾಸ್ತರ ಸಂದೇಶ: ಭಾನುವಾರ ಎರಡೂ ಸಾಲಿನ ಜಂಟಿ ಸಭೆ, ವಿಷಯ ಬೋರ್ಡು.

ಹೋದೆ. ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಅಲ್ಲಿಂದ ಹತ್ತು ಹೆಜ್ಜೆ ದೂರದಲ್ಲಿ ಆ ತೆಗ್ಗು ಹಾಗೇ ಬಾಯಿ ತೆರೆದುಕೊಂಡಿತ್ತು. ಈ ಸಲ ಅದಕ್ಕೊಂದು ಮುರಿದ ಕುರ್ಚಿ ಅಡ್ಡ ಇಟ್ಟಿದ್ದರು. ಮಾಸ್ತರು ಮೊಲ್ಲ ಶಬ್ದದ ಬಗ್ಗೆ ಹೇಳುತ್ತಿದ್ದರು. ನಾನು ಎದ್ದು ನಿಂತೆ.

‘ಆ ತೆಗ್ಗಿಗೆ ಏನು ಹೆಸರಿಡ್ತೀರಿ, ಅದನ್ನ ಮೊದಲು ಹೇಳ್ರಿ’ ಅಂದೆ, ಹಿಂದಿಯಲ್ಲಿ.

‘ಕೂತ್ಕೊಳ್ಳಿ ಅಮ್ಮಾ. ನಿಮ್ಮ ದುಃಖ ನಮಗೂ ಅರ್ಥ ಆಗುತ್ತೆ. ಹೆಸರು ಸರಿಹೋದರೆ ದೂರೂ ಸರಿಯಾದ ಕಡೆ ಹೋಗುತ್ತೆ, ಅದಕ್ಕೇ ಅಲ್ಲವಾ ನಾವೆಲ್ಲ...’ ಅನ್ನುತ್ತಿದ್ದರು ಮಾಸ್ತರು.

‘ಮುದುಕಿ ಎದಿಮಟ್ಟ ಹೇಲಿನ ನೀರಾಗ ನಿಂತಿದ್ಲು!’ ಹಿಂದಿ ಎಲ್ಲಿ ಹೋಯಿತೋ, ಕನ್ನಡವೇ ಬಾಯಿಗೆ ಬಂತು. ‘ಮಲ್ಲಿಗಿ ವಾಸನಿ ಬರ್ತಿತ್ತೇನ್ರಿ ಮಾಸ್ತರ ಅಲ್ಲಿ? ಮುಲ್ಲಾ ಸಾಹೇಬ್ರ ಬಾವ್ಯಾಗಿನ ನೀರೇನ್ರಿ ಅದು? ನಿಮ್ಮ ಊರಿನ ಅಭಿಮಾನಕ್ಕಿಷ್ಟು ಬೆಂಕಿ ಹಚ್ಚಲಿ. ನಿಮ್ಮದಕ್ಕೂ, ನಿಮ್ಮದಕ್ಕೂ, ನನ್ನದಕ್ಕೂ!’

ಯಾರಿಗೂ ಪೂರ್ತಿ ತಿಳಿಯಲಿಲ್ಲ. ಅರ್ಥ ಏನು ಅಂತ ಯಾರೂ ಕೇಳಲೂ ಇಲ್ಲ. ಮೈಸೂರಿನ ಹುಡುಗಿ ಮಾತ್ರ ಕಂಬದ ಹತ್ತಿರ ನಿಂತು ಅಳುತ್ತಿದ್ದಳು.

ಮರುದಿನ ಬೆಳಿಗ್ಗೆ ಗಾರ್ಡ್ ಸಾಹೇಬರು ಸ್ಕೂಟರ್ ತಂದು ಗೇಟಿನ ಮುಂದೆ ನಿಲ್ಲಿಸಿದರು. ‘ನಡೀರಿ ಬೆಹನ್‌ಜೀ, ಆಫೀಸಿಗೇ ಹೋಗೋಣ’ ಅಂದರು.

ವಾರ್ಡ್ ಆಫೀಸಿನಲ್ಲಿ ಗುಮಾಸ್ತ ಕಂಪ್ಯೂಟರ್ ಒತ್ತಿ ನೋಡಿದ. ‘ಮೊಲ್ಲಗುಡ ಇಲ್ಲ. ಮುಲ್ಲಾಗುಡಾನೂ ಇಲ್ಲ’ ಅಂದ.

‘ಎಲ್ಲಿಂದ ಇರುತ್ತೆ? ಅರ್ಧ ಗಲ್ಲಿ ಸಿಕಂದರಾಬಾದಿನದು’ ಅಂತ ಗಾರ್ಡ್ ಸಾಹೇಬರು ಶುರು ಮಾಡಿದರು. ಅವರನ್ನು ದಿಟ್ಟಿಸಿ ನೋಡಿದೆ. ಮಾತು ಅಲ್ಲಿಗೇ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು.

‘ನಕಾಶೆ ತೋರಸ್ರಿ’ ಅಂದೆ. ಗುಮಾಸ್ತ ಆಗೋದಿಲ್ಲ ಅಂದ. ‘ನೋಡೂತನಕ ಹೋಗೂದಿಲ್ಲ’ ಅಂತ ಕುರ್ಚಿ ಎಳೆದು ಅವನ ಎದುರಿಗೇ ಕೂತೆ. ಸುಮಾರು ಒಂದು ತಾಸಿನ ಮೇಲೆ ಇಂಜಿನಿಯರ್ ಬಂದು, ಗೋಡೆಯ ಮೇಲಿದ್ದ ದೊಡ್ಡ ನಕಾಶೆಯ ಕಡೆ ಕೈ ಮಾಡಿದ. ನಾನು ಹೆಸರು ಹುಡುಕಲಿಲ್ಲ. ಹೆಸರಿಲ್ಲದ ಟಪಾಲನ್ನು ಹುಡುಕುವ ಹಾಗೆ ರಸ್ತೆ ಹಿಡಿದು ಹೋದೆ. ಮುಖ್ಯ ರಸ್ತೆ, ಶಾಲೆ, ನೀರಿನ ಟ್ಯಾಂಕು, ಎಡಕ್ಕೆ ಒಂದು ತಿರುವು. ಬೆರಳಿಟ್ಟೆ. ಆ ಗೆರೆಯ ಪಕ್ಕ ಬರೆದದ್ದು ಇಷ್ಟೇ: ಟ್ಯಾಂಕಿನ ಹಿಂದೆ, ಮೂರನೇ ಗಲ್ಲಿ.

ಇಂಜಿನಿಯರ್ ನಕ್ಕು, ‘ಇದಾ? ಮೊದಲೇ ಹೀಗೆ ಹೇಳೋದಲ್ಲವಾ ಅಮ್ಮಾ? ಆ ಹೆಸರೆಲ್ಲ ಯಾಕೆ ಹೇಳಿದ್ರಿ?’ ಅಂದ.

ಬಾಯಿತನಕ ಬಂದ ಮಾತು ನುಂಗಿದೆ. ಅವನ ಕೈಯಲ್ಲಿ ಪೆನ್ನಿತ್ತು, ಅವನ ಸಹಿ ಬೇಕಿತ್ತು.

ಮೂರನೆಯ ದಿನ ನಾಲ್ಕು ಜನ ಆಳು ಬಂದರು. ಹಾರೆ ಹಾಕಿ ಹಳೆಯ ತುಂಡು ಎತ್ತಿದರು, ಹೊಸ ಚಪ್ಪಡಿ ಇಳಿಸಿದರು, ಅಂಚಿಗೆ ಸಿಮೆಂಟು ಮೆತ್ತಿದರು. ಒಂದು ತಾಸೂ ಹಿಡಿಯಲಿಲ್ಲ. ಬಿಸಿಲಲ್ಲಿ ನಿಂತು ನೋಡುತ್ತಿದ್ದೆ. ಒಂದು ತಾಸಿನ ಕೆಲಸಕ್ಕೆ ಒಬ್ಬ ಮುದುಕಿಯ ನಡಿಗೆ ಹೋಯಿತು.

ಬೋರ್ಡು ಇನ್ನೂ ಆಗಿಲ್ಲ. ಜಗಳ ನಡೆದಿದೆ. ನಾನು ಆ ವಾಟ್ಸಾಪ್ ಗುಂಪಿನಿಂದ ಹೊರಬಂದೆ, ಗಾರ್ಡ್ ಸಾಹೇಬರು ಅದರೊಳಗೇ ಇದ್ದಾರೆ.

ಅತ್ತೆ ಈಗ ವಾಕರ್ ಹಿಡಿದು ಪಡಸಾಲೆಯಿಂದ ಅಡುಗೆಮನೆಯವರೆಗೆ ಬರುತ್ತಾಳೆ. ಗಲ್ಲಿಗೆ ಇಳಿಯುವುದಿಲ್ಲ. ಮೈಸೂರಿನ ಹುಡುಗಿ ರಜೆಯ ದಿನ ಬಂದು ಆಕೆಯ ಹತ್ತಿರ ಕೂರುತ್ತಾಳೆ. ಗುಡಿಗೆ ಹೋಗಿ ಕುಂಕುಮ ತಂದುಕೊಡುವವಳೂ ಅವಳೇ. ಬಂದ ಮೊದಲ ದಿನವೇ ‘ನನ್ನಿಂದ ಆಯ್ತು, ಕ್ಷಮಿಸಿ ಅಜ್ಜಿ’ ಅಂದುಬಿಟ್ಟಿದ್ದಳು. ‘ನಿನ್ನಿಂದ ಏನಾತು? ನೀ ಎತ್ತಿದಾಕಿ’ ಅಂದಳು ಅತ್ತೆ. ನಾನು ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದೆ. ಆ ಹುಡುಗಿ ಅಷ್ಟು ಸಲೀಸಾಗಿ ಹೇಳಿದ ಮಾತು ನನ್ನ ಬಾಯಿಂದ ಇವತ್ತಿಗೂ ಬಂದಿಲ್ಲ.

ಅತ್ತೆ ನನ್ನನ್ನು ಒಂದು ಸಲವೂ ಬೈಯಲಿಲ್ಲ. ಎರಡು ಮಿನಿಟಿನ ಮಾತು ಎತ್ತಲಿಲ್ಲ. ಬೈದಿದ್ದರೆ ಚಲೋ ಇತ್ತು. ಬೆಳಿಗ್ಗೆ ಎಣ್ಣೆ ತಿಕ್ಕುವಾಗ ಆ ಕಾಲು ನನ್ನ ಕೈಯಲ್ಲಿ ಹಗುರಾಗಿ, ಕಡ್ಡಿಯ ಹಾಗೆ ಇರುತ್ತದೆ. ಆಕೆ ಕಣ್ಣು ಮುಚ್ಚಿ ‘ಅಲ್ಲೇ, ಸ್ವಲ್ಪ ಮ್ಯಾಲೆ’ ಅನ್ನುತ್ತಾಳೆ. ನಾನು ತಿಕ್ಕುತ್ತೇನೆ.