ವಾರಕ್ಕೊಂದು ಹುಕ್ಕು

ರೊಟ್ಟಿಯ ಹಿಟ್ಟು ನಾದುತ್ತಿದ್ದೆ. ಎಡಗೈ ಎದ್ದಿತು. ಬಲಗೈ ಪರಾತದಲ್ಲೇ ಉಳಿಯಿತು. ಬೆಳಗಿನ ಏಳು ಗಂಟೆ. ಆಸ್ಪತ್ರೆಗೆ ಒಯ್ಯಿರಿ ಎನ್ನಲು ಬಾಯಿ ತೆರೆದೆ, ನಾಲಿಗೆ ಹೊರಳಲಿಲ್ಲ.

"ಲಕ್ವಾ ಹೊಡದೈತಿ," ಎಂದರು ಅತ್ತೆ.

ನನ್ನ ಗಂಡ ಕಾರು ತರಿಸಿದರು. ಮಸ್ಕಿಯ ನಮ್ಮ ಮನೆಯಿಂದ ಸಿಂಧನೂರಿನ ಆಸ್ಪತ್ರೆ ಮುಕ್ಕಾಲು ಗಂಟೆಯ ದಾರಿ. ಕಾರು ಅತ್ತ ತಿರುಗಲಿಲ್ಲ. ಲಕ್ವಾಕ್ಕೆ ನಾಟಿ ಔಷಧ ಕೊಡುವವನೊಬ್ಬನ ಮನೆಗೆ ಹೋಯಿತು. ಅಲ್ಲಿ ಸರದಿ ಇತ್ತು. ಕಾದೆವು. ಅವನು ಪಾರಿವಾಳದ ಬಿಸಿ ರಕ್ತವನ್ನು ನನ್ನ ಕೈಗೆ ಸವರಿ, ಗಾಳಿ ತಾಗದಂತೆ ಕಂಬಳಿ ಹೊದಿಸಿ ಮಲಗಿಸಿದ. ನನಗೆ ಎಲ್ಲವೂ ತಿಳಿಯುತ್ತಿತ್ತು.

ಮಧ್ಯಾಹ್ನ ಕಾಲೂ ಬಿದ್ದುಹೋಯಿತು. ಆಗ ಸಿಂಧನೂರಿಗೆ ಒಯ್ದರು.

"ಎಷ್ಟೊತ್ತಿಗೆ ಆತು?" ಸ್ಕ್ಯಾನ್ ನೋಡುತ್ತ ಡಾಕ್ಟರು ಕೇಳಿದರು.

"ಮುಂಜಾನಿ ಏಳಕ್ಕರೀ," ಎಂದರು ಗಂಡ.

ಡಾಕ್ಟರು ಗಡಿಯಾರ ನೋಡಿದರು. ಮೂರಾಗಿತ್ತು.

"ಸ್ಟ್ರೋಕ್ ಆದ ಕೂಡ್ಲೆ ಬಂದಿದ್ರ ಇಂಜೆಕ್ಷನ್ ಕೊಡಬಹುದಿತ್ತು. ಟೈಮ್ ಮೀರೇತ್ರಿ."

ಎಂಟು ತಾಸು ಕಳೆದಿತ್ತು.

ನನ್ನ ಗಂಡ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ.

ಹತ್ತು ದಿನಕ್ಕೆ ಮಾತು ಮರಳಿತು, ತೊದಲುತ್ತ. ಕಾಲು ಕೋಲು ಹಿಡಿದು ಎದ್ದಿತು. ಬಲಗೈ ಬೆರಳುಗಳು ಮಾತ್ರ ಏಳಲಿಲ್ಲ. ಲಿಂಗಸುಗೂರಿನ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಗುಮಾಸ್ತೆ, ರಜೆ ಕರಗುತ್ತಿತ್ತು. ಬ್ಲೌಸಿನ ಹುಕ್ಕು ಹಾಕಿಕೊಳ್ಳಲು ಬರದವಳಿಗೆ ನೈಟಿಯಲ್ಲಿ ಆಫೀಸಿಗೆ ಹೋಗಲು ಆಗುತ್ತದೆಯೇ?

ಫಿಸಿಯೋಥೆರಪಿಯ ಹುಡುಗಿಗೆ ಅದನ್ನೇ ಕೇಳಿದೆ.

"ಈ ವಾರ ತಳಗಿನ ಒಂದು ಹುಕ್ಕ ಅಷ್ಟ. ಎರಡನೇದು ಮುಟ್ಟಬ್ಯಾಡ್ರಿ ಮೇಡಂ."

"ಒಂದಾ? ನಾ ಏನು ಸಣ್ಣ ಹುಡುಗಿಯೇನವ್ವಾ?"

"ಸಣ್ಣ ಹುಡುಗ್ಯಾರು ಹೇಳಿದಂಗ ಕೇಳ್ತಾರ್ರಿ."

ಅವಳ ಮೇಲೂ ಸಿಟ್ಟು ಬಂತು. ಆದರೂ ಮಾಡಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬಟ್ಟೆಯ ಅಂಚನ್ನು ಹಿಡಿಯುವುದು, ಅದು ಜಾರುವುದು, ಮತ್ತೆ ಹಿಡಿಯುವುದು. ಅತ್ತೆ ನೋಡಲಾಗದೆ ಬಂದು ಎಲ್ಲ ಹುಕ್ಕುಗಳನ್ನೂ ಪಟಪಟನೆ ಹಾಕಿಬಿಡುತ್ತಿದ್ದರು. "ಯಾಕ ಒದ್ದಾಡ್ತಿ? ನಾ ಇಲ್ಲೇನು?" ಅವರು ಹೋದ ಮೇಲೆ ನಾನು ಅವನ್ನು ಬಿಚ್ಚಿ ಮೊದಲಿನಿಂದ ಶುರು ಮಾಡುತ್ತಿದ್ದೆ. ನನ್ನನ್ನು ಮಾತಾಡಿಸಲು ಮಂದಿ ಬ್ರೆಡ್ಡು, ಮೋಸಂಬಿ ಹಿಡಿದು ಬಂದಾಗಲಂತೂ ಮಲಗಲೇಬೇಕು. ಪೇಷಂಟು ಎದ್ದು ಕುಳಿತಿದ್ದರೆ ಬಂದವರಿಗೆ ಸಮಾಧಾನವಿಲ್ಲ. ಅವರ ಸಮಾಧಾನಕ್ಕಾಗಿ ಎಷ್ಟೋ ದಿನಗಳ ಅಭ್ಯಾಸ ಹಾಳಾಯಿತು.

ಮೊದಲ ಹುಕ್ಕು ಒಂಬತ್ತನೇ ದಿನ ಕೊಂಡಿಗೆ ಸಿಕ್ಕಿತು. ಯಾರಿಗೂ ಹೇಳಲಿಲ್ಲ. ಮೂರನೆಯದಕ್ಕೆ ಎರಡು ವಾರ ಹಿಡಿಯಿತು.

ಆರನೆಯ, ಕೊನೆಯ ಹುಕ್ಕಿನಲ್ಲಿದ್ದಾಗ ಗುರುಗುಂಟಾದಿಂದ ನೆಂಟರು ಬಂದರು.

"ಮಲಕೋ, ಮಂದಿ ಬಂದಾರ," ಎಂದರು ಅತ್ತೆ.

"ಕುಂದ್ರಲಿ."

ಗಂಡ ಒಳಗೆ ಬಂದರು. "ಚಾ ಆಗೇತಿ. ಲಗೂನ ಹಾಕಿಬಿಡ್ತೀನಿ ತಾ," ಎಂದು ಕೈ ಚಾಚಿದರು.

"ಮುಟ್ಟಬ್ಯಾಡ್ರಿ. ಲಗೂ ಮಾಡೋ ದಿನ ಮಾಡಲಿಲ್ಲ ನೀವು. ಇವತ್ತು ನನಗ ಗಡಿಬಿಡಿ ಇಲ್ಲ."

ಎರಡು ತಿಂಗಳಲ್ಲಿ ನಾನು ಆ ಮಾತು ಎತ್ತಿದ್ದು ಅದೇ ಮೊದಲು. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಹೊರಗೆ ಹೋದರು. "ಚಾ ಕುಡೀರಿ. ಆಕಿ ತಾನ ಬರ್ತಾಳ," ಎಂದದ್ದು ಕೇಳಿಸಿತು. ಇಪ್ಪತ್ತು ನಿಮಿಷ ಯಾರನ್ನೂ ಒಳಗೆ ಬಿಡಲಿಲ್ಲ.

ಸೀರೆ ಸುತ್ತಿಕೊಂಡು ಹೊರಗೆ ಬಂದೆ.

"ಯವ್ವಾ, ಮಲಗ್ಯಾಳ ಅಂತ ನೋಡಾಕ ಬಂದ್ರ ಮದುವಿಗೆ ಹೊಂಟಾಳಲ್ಲ!" ನೆಂಟರಲ್ಲೊಬ್ಬ ಮುದುಕಿ ನಕ್ಕಳು.

"ಲಿಂಗಸುಗೂರಿಗೆ," ಎಂದೆ.

ಈಗ ದಿನಾ ಆಫೀಸಿಗೆ ಹೋಗುತ್ತಿದ್ದೇನೆ. ಹುಕ್ಕುಗಳಿಗೇ ಕಾಲು ಗಂಟೆ ಬೇಕು. ಪೆನ್ನು ಇನ್ನೂ ಎಡಗೈಯಲ್ಲಿದೆ. ಬೆಳಗ್ಗೆ ಗಂಡ ಬಾಗಿಲ ಹೊರಗೆ ನಿಂತಿರುತ್ತಾರೆ. ಬಸ್ಸಿಗೆ ಹೊತ್ತಾಯಿತು ಎನ್ನುವುದಿಲ್ಲ. ಆ ಸುಮ್ಮನಿರುವಿಕೆ ನನಗೆ ಬೇಕಾಗಿದೆ, ಅದಕ್ಕೆ ಋಣಿಯೂ ಆಗಿದ್ದೇನೆ. ಕ್ಷಮಿಸಿದ್ದೇನೆ ಎಂದು ಮಾತ್ರ ಅವರು ಅಂದುಕೊಳ್ಳಬಾರದು.