ರಾಣಿಯ ಮೂಗು, ಮಾದಯ್ಯನ ಬೆಸುಗೆ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಬದಿಯಲ್ಲೊಂದು ತಗಡಿನ ಶೆಡ್ಡು. ಸೂರಿನಲ್ಲಿರುವ ಅಂಗೈಯಗಲದ ತೂತಿನಿಂದ ಮುಂಜಾವಿನ ಬೆಳಕು ಇಳಿಯುತ್ತಿದೆ. ಐವತ್ತರ ರಾಣಿ ಕಾಫಿಯನ್ನೂ ಮುಟ್ಟದೆ, ಹಳೆಯ ಅಂಬಾಸಿಡರ್ ಕಾರಿನಿಂದ ಬಿಚ್ಚಿಟ್ಟ ಟ್ಯಾಂಕಿನ ಬಾಯಿಗೆ ಮೂಗಿಡುತ್ತಾರೆ. ಗ್ಯಾಸ್ ವೆಲ್ಡಿಂಗ್ ಕೊಳವೆ ಹಿಡಿದ ಗಂಡ ದೊಡ್ಡಮಾದಯ್ಯ ಹೆಂಡತಿಯ ಮುಖವನ್ನೇ ನೋಡುತ್ತಿದ್ದಾರೆ. ಒಳಗೆ ಇಂಧನದ ಆವಿ ಉಳಿದಿದ್ದರೆ ಬೆಂಕಿ ತಾಗಿದೊಡನೆ ಟ್ಯಾಂಕು ಸಿಡಿಯುತ್ತದೆ.

ಕಾರು ಅಗರದ ಗುರುಪಾದಸ್ವಾಮಿಯವರದು. ಅವರ ತಂದೆ ಅದಕ್ಕೆ ಡೀಸೆಲ್ ಎಂಜಿನ್ ಹಾಕಿಸಿದ್ದರು. ಮಗ ಈಗ ಕಾರ್ಬುರೇಟರ್ ಇರುವ ಪೆಟ್ರೋಲ್ ಎಂಜಿನ್ನನ್ನೇ ಮರಳಿ ಕೂರಿಸಿದ್ದಾರೆ. ಟ್ಯಾಂಕು ಅದಕ್ಕೆ ಒಗ್ಗಬೇಕು. ಎಂಜಿನ್ನಿನಿಂದ ಮಿಕ್ಕ ಡೀಸೆಲ್ ಟ್ಯಾಂಕಿಗೆ ಹಿಂದಿರುಗುತ್ತಿದ್ದ ಕೊಳವೆಯನ್ನು ಮುಚ್ಚಬೇಕು. ತಳದ ತುಕ್ಕು ಕಾರ್ಬುರೇಟರಿನ ಸೂಜಿರಂಧ್ರಕ್ಕೆ ಸಿಕ್ಕಿಕೊಳ್ಳದಂತೆ ಹೀರುವ ಕೊಳವೆಯನ್ನು ಬೆರಳಗಲ ಮೇಲಕ್ಕೆತ್ತಬೇಕು. ಗಾಳಿಯಾಡುವ ರಂಧ್ರ ಮಾತ್ರ ತೆರೆದಿರಬೇಕು. ಇಲ್ಲವಾದರೆ ಮಹದೇಶ್ವರ ಬೆಟ್ಟದ ತಿರುವಿನಲ್ಲಿ ಕಾರು ಉಸಿರುಗಟ್ಟಿ ನಿಲ್ಲುತ್ತದೆ.

ಮಾದಯ್ಯನವರಿಗೆ ಇದು ಮೂವತ್ತೊಂದು ವರ್ಷಗಳ ಕಸುಬು. ತಿಂಗಳಿಗೆ ಏಳೆಂಟು ಟ್ಯಾಂಕುಗಳು ಬರುತ್ತವೆ. ಸೋಡಾಪುಡಿಯ ಬಿಸಿನೀರಿನಲ್ಲಿ ಮೂರು ಬಾರಿ ತೊಳೆದು, ಒಂದು ದಿನ ನೀರು ತುಂಬಿಟ್ಟು, ಬೆಳಗ್ಗೆ ಸುರಿದು ಮೂಸುವುದು ಗುರುವಿನಿಂದ ಬಂದ ಪದ್ಧತಿ. ಬೀಡಿಯ ಹೊಗೆ, ಒಗ್ಗರಣೆಯ ಘಾಟು ಮೂಗಿಗೇರುವ ಮೊದಲೇ ಅದು ಮುಗಿಯಬೇಕು.

ಕೊರೊನಾ ಜ್ವರ ಮಾದಯ್ಯನವರ ಮೂಗಿನ ಶಕ್ತಿಯನ್ನು ಕಿತ್ತುಕೊಂಡಿತು. ಯಾರಿಗೂ ಹೇಳದೆ, ಟ್ಯಾಂಕಿನಲ್ಲಿ ವಾಸನೆಯಿಲ್ಲವೆಂದು ನಂಬಿ ಒಂದು ದಿನ ಅದಕ್ಕೆ ಬೆಂಕಿ ಹಿಡಿದರು. ಟ್ಯಾಂಕಿನ ಮುಚ್ಚಳ ಕಿವಿಯ ಪಕ್ಕದಲ್ಲೇ ಹಾರಿ ಸೂರನ್ನು ಸೀಳಿತು. "ಕೆಲ್ಸ ಬುಟ್ಬುಡನಾ ಅನ್ಕಂಡಿದ್ದೆ ಸಾ. ‘ನಿಮ್ ಮೂಗು ಓದ್ರೆ ಓಯ್ತು, ನಂದದಲ್ಲಾ’ ಅಂದ್ಳು ಇವ್ಳು," ಎನ್ನುತ್ತಾರೆ ಮಾದಯ್ಯ.

ಅಂದಿನಿಂದ ರಾಣಿ ಒಪ್ಪದೆ ಇಲ್ಲಿ ಬೆಂಕಿ ಹತ್ತುವುದಿಲ್ಲ. ಇಂದು ಅವರು ಎರಡು ಸಲ ಮೂಸಿ ಅಡ್ಡಡ್ಡ ತಲೆಯಾಡಿಸುತ್ತಾರೆ. "ಇನ್ನೂ ವಾಸ್ನೆ ಅದೆ. ತೊಳೀರಿ."

ನಾಳೆಯೇ ಬೆಟ್ಟಕ್ಕೆ ಹೊರಡಲಿರುವ ಗುರುಪಾದಸ್ವಾಮಿ ಅಷ್ಟರಲ್ಲಿ ಬಂದಿದ್ದಾರೆ. "ಏನವ್ವಾ ರಾಣಿ, ನಿನ್ ಮೂಗು ಒಪ್ಪದ್ಯಾವಾಗ, ನಾನು ಬೆಟ್ಟಕ್ಕೋಗದ್ಯಾವಾಗ?"

"ಒಂದಿನ ತಡ್ಕಂಡ್ರೆ ಕೈಕಾಲೆಲ್ಲಾ ಜೊತೇಲೇ ಬತ್ತವೆ ಸ್ವಾಮೇರೇ."

ಗುರುಪಾದಸ್ವಾಮಿ ನಗುತ್ತಾ ಹಿಂದಿರುಗುತ್ತಾರೆ. ಮಾದಯ್ಯ ವೆಲ್ಡಿಂಗ್ ಕೊಳವೆಯನ್ನು ಕೆಳಗಿಟ್ಟು, ನೀರು ಕಾಯಿಸುವ ಒಲೆ ಹಚ್ಚಲು ಹೊರಗೆ ಹೊರಡುತ್ತಾರೆ. ತೂತು ಮುಚ್ಚುವುದೇ ಇವರ ವೃತ್ತಿ; ಆದರೂ ಸೂರಿನ ತೂತನ್ನು ಏಕೆ ಹಾಗೆಯೇ ಬಿಟ್ಟಿದ್ದೀರಿ ಎಂದು ಕೇಳಿದರೆ, ಬಾಗಿಲಲ್ಲೇ ನಿಂತು ಒಮ್ಮೆ ಮೇಲಕ್ಕೆ ನೋಡುತ್ತಾರೆ.

"ಐದ್ ನಿಮಿಷದ ಕೆಲ್ಸ ಸಾ. ಮುಚ್ಚಲ್ಲ. ಗಿರಾಕಿ ಅವಸ್ರ ಮಾಡ್ದಾಗ ಮೊದ್ಲು ಅದ ನೋಡ್ತೀನಿ. ಆಮೇಲೆ ಇವ್ಳ ಮಕ ನೋಡ್ತೀನಿ."