ಅಕ್ಕ, ತಂಗಿ ಮತ್ತು ಮೊಣ್ಣಪ್ಪ ಸರ್

ಮೊನ್ನೆ ನಮ್ಮ ಆಸ್ಪತ್ರೆಗೆ ಹೊಸ ಡಿಸ್ಕುಗಳ ಪೆಟ್ಟಿಗೆ ಬಂತು. ಟೇಪು ಕಿತ್ತು ಸ್ಪಂಜಿನ ಹಾಸು ಎತ್ತಿದ್ದೇ ತಡ, ಒಳಗಿಂದ ಒಂದು ವಾಸನೆ ಎದ್ದಿತು. ಹೊಸ ಲೋಹ, ಹೊಸ ಪ್ಲಾಸ್ಟಿಕ್ಕು, ಅವೆರಡರ ಹಿಂದೆ ಯಾವುದೋ ಗೋದಾಮಿನ ತಣ್ಣನೆಯ ಗಾಳಿ. ನಿಮಗೆ ಇದೇನು ಹಿತವಾದ ವಾಸನೆ ಅನ್ನಿಸಲಿಕ್ಕಿಲ್ಲ. ನನಗೆ ಮಾತ್ರ ಮೊಣ್ಣಪ್ಪ ಸರ್ ನೆನಪಾದರು. ಹೊಸ ಡಿಸ್ಕು ಬಂದರೆ ಅವರು ಮೊದಲು ಮೂಸುತ್ತಿದ್ದರು, ಕಣದಲ್ಲಿ ಒಣಗಿದ ಕಾಫಿಯನ್ನು ಒಂದು ಹಿಡಿ ಎತ್ತಿ ಮೂಸುವ ಹಾಗೆ. ಅದರಿಂದ ಏನು ತಿಳಿಯುತ್ತದೆ ಎಂದು ನಾನು ಒಮ್ಮೆ ಕೇಳಿದ್ದೆ. ಏನೂ ತಿಳಿಯುವುದಿಲ್ಲ, ಮೂಸಬೇಕು ಅನ್ನಿಸುತ್ತದೆ, ಮೂಸುತ್ತೇನೆ ಎಂದಿದ್ದರು.

ನನ್ನ ಕೆಲಸ ಏನು ಎಂದು ನಮ್ಮ ಮನೆಯವರಿಗೇ ಇನ್ನೂ ಸರಿಯಾಗಿ ಗೊತ್ತಿಲ್ಲ, ನಿಮಗೆ ಹೇಳಿಬಿಡುತ್ತೇನೆ. ಮಡಿಕೇರಿಯ ಒಂದು ಆಸ್ಪತ್ರೆಯಲ್ಲಿ ನಾನು ಸರ್ವರುಗಳನ್ನು ನೋಡಿಕೊಳ್ಳುತ್ತೇನೆ. ಆಸ್ಪತ್ರೆಯಲ್ಲಿ ನನಗೆ ಕಂಪ್ಯೂಟರಮ್ಮ ಎಂದೇ ಹೆಸರು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ನಾನು, ಕೌಂಟರಿನ ಕಂಪ್ಯೂಟರ್ ಮುನಿಸಿಕೊಂಡರೆ ನಾನು, ಒಮ್ಮೆ ಲಿಫ್ಟ್ ನಿಂತಾಗಲೂ ನನ್ನನ್ನೇ ಕರೆದಿದ್ದರು. ನಿಜವಾದ ಕೆಲಸ ಇರುವುದು ಮಹಡಿಯ ಮೇಲಿನ ತಣ್ಣನೆಯ ಕೋಣೆಯಲ್ಲಿ. ಅಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಎರಡು ಸರ್ವರ್ ಯಂತ್ರಗಳು, ಅವೆರಡಕ್ಕೂ ಸೇರಿದ ಒಂದೇ ಡಿಸ್ಕುಗಳ ಕಪಾಟು. ಆಸ್ಪತ್ರೆಯಲ್ಲಿ ತೆಗೆದ ಎಕ್ಸ್‌ರೇ, ಸ್ಕ್ಯಾನಿನ ಚಿತ್ರಗಳೆಲ್ಲ ಆ ಕಪಾಟಿನಲ್ಲಿ ಇರುತ್ತವೆ. ಒಂದು ಯಂತ್ರ ಕೆಲಸ ಮಾಡುತ್ತಿದ್ದರೆ ಇನ್ನೊಂದು ಪಕ್ಕದಲ್ಲಿ ಕಾದು ಕೂತಿರುತ್ತದೆ. ಮೊದಲನೆಯದು ಬಿದ್ದರೆ ಎರಡನೆಯದು ಕಪಾಟಿನ ಬೀಗದ ಕೈ ತೆಗೆದುಕೊಂಡು ಕೆಲಸ ಮುಂದುವರಿಸುತ್ತದೆ. ಕೆಳಗಿರುವ ಡಾಕ್ಟರುಗಳಿಗೆ ಏನಾಯಿತೆಂದೂ ತಿಳಿಯುವುದಿಲ್ಲ.

ಈ ಯಂತ್ರಗಳಿಗೆ ಕಂಪನಿಯವರು ಕೊಟ್ಟಿದ್ದ ಹೆಸರುಗಳು ಅಕ್ಷರ, ಅಂಕಿ ಕಲಸಿದ ಗಂಜಿ. ಮೊಣ್ಣಪ್ಪ ಸರ್ ಅವನ್ನು ಅಕ್ಕ, ತಂಗಿ ಎಂದು ಕರೆದರು. ಅವರು ಹುದಿಕೇರಿ ಕಡೆಯವರು, ಸೈನ್ಯದ ಸಂದೇಶ ವಿಭಾಗದಲ್ಲಿದ್ದು ನಿವೃತ್ತರಾಗಿ ಬಂದವರು. ತೋಟ ನೋಡಿಕೊಂಡು ಇರಬಹುದಿತ್ತು. ಕಾಫಿ ಗಿಡ ಮಾತಿಗೆ ಎದುರು ಮಾತಾಡುವುದಿಲ್ಲ, ಅದಕ್ಕೇ ಬೇಸರ ಬಂತು ಎಂದು ಹೇಳಿ ನಮ್ಮ ಆಸ್ಪತ್ರೆಗೆ ಸೇರಿಕೊಂಡಿದ್ದರು. ನಾನು ಶನಿವಾರಸಂತೆ ಕಡೆಯಿಂದ, ಡಿಪ್ಲೊಮಾ ಮುಗಿಸಿ, ಎಲ್ಲ ಗೊತ್ತಿದೆ ಎಂಬ ಧೈರ್ಯದಲ್ಲಿ ಬಂದವಳು. ಆ ಧೈರ್ಯ ಒಂದು ವಾರವೂ ಬಾಳಿಕೆ ಬರಲಿಲ್ಲ.

ಅವರದೊಂದು ಅಭ್ಯಾಸವಿತ್ತು. ಯಂತ್ರಕ್ಕೆ ಆಜ್ಞೆ ಟೈಪು ಮಾಡಿದ ಮೇಲೆ ಎಂಟರ್ ಒತ್ತುವ ಮುಂಚೆ ಎರಡೂ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಆಮೇಲೆ ಬರೆದದ್ದನ್ನು ಪಕ್ಕದವರಿಗೆ ಬಾಯಿಬಿಟ್ಟು ಹೇಳಬೇಕು, ಅದೂ ಕನ್ನಡದಲ್ಲಿ. ಇಂಗ್ಲಿಷಿನ ಗಿಣಿಪಾಠ ನಡೆಯುತ್ತಿರಲಿಲ್ಲ. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. "ಈ ಕಡತದ ನಕಲು ಅಲ್ಲಿಗೆ ಒಯ್ಯಿ ಅಂತ ಹೇಳುತ್ತಿದ್ದೇನೆ ಸರ್" ಎಂದು ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುವುದು. ಅವರು ಗಂಭೀರವಾಗಿ ತಲೆಯಾಡಿಸುವುದು. ಹೊರಗಿನವರು ನೋಡಿದ್ದರೆ ನಾವಿಬ್ಬರೂ ಸೇರಿ ಯಂತ್ರಕ್ಕೆ ಪೂಜೆ ಮಾಡಿಸುತ್ತಿದ್ದೇವೆ ಅಂದುಕೊಳ್ಳುತ್ತಿದ್ದರು.

ಒಂದು ವರ್ಷ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಶುರುವಾದ ಹೊತ್ತಿಗೆ ಕಪಾಟು ತುಂಬುತ್ತಾ ಬಂತು. ಆ ದಿನಗಳಲ್ಲಿ ಏಣಿಯಿಂದ ಬಿದ್ದವರು, ಜಾರಿ ಕೈ ಮುರಿದುಕೊಂಡವರು ಹೆಚ್ಚು. ಅದರ ಮೇಲೆ ಆಸ್ಪತ್ರೆಗೆ ಹೊಸ ಸ್ಕ್ಯಾನ್ ಯಂತ್ರ ಬಂದಿತ್ತು. ಹಳೆಯ ಎಕ್ಸ್‌ರೇ ಹತ್ತಾರು ಹಿಡಿಯುವ ಜಾಗವನ್ನು ಅದರ ಒಂದೇ ಚಿತ್ರ ನುಂಗುತ್ತಿತ್ತು. ಆಡಳಿತದವರು ಮೀಟಿಂಗ್ ಕರೆದು, ಬಹಳ ಹಳೆಯ ಚಿತ್ರಗಳನ್ನು ಅಳಿಸಿಬಿಡಿ, ಯಾರೂ ಕೇಳುವುದಿಲ್ಲ ಎಂದರು. ನನಗೂ ಅದು ಸರಿ ಅನ್ನಿಸಿತ್ತು. ಮೊಣ್ಣಪ್ಪ ಸರ್ ಒಪ್ಪಲಿಲ್ಲ. ಯಾರ ಚಿತ್ರ ಯಾವಾಗ ಬೇಕಾಗುತ್ತದೆ ಎಂದು ನಮಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಅಳಿಸುವ ಕೆಲಸ ನನ್ನ ಕೈಯಲ್ಲಿ ಆಗುವುದಿಲ್ಲ, ಹೊಸ ಡಿಸ್ಕು ತರಿಸಿ ಎಂದು ಹೇಳಿ ಕೂತರು. ಅವರು ಹಾಗೆ ಕೂತರೆ ಏಳಿಸುವುದು ಕಷ್ಟ. ಡಿಸ್ಕು ಬಂದವು. ಅವರು ಮೂಸಿದರು.

ಕಪಾಟಿಗೆ ಡಿಸ್ಕು ತುರುಕಿದ ಮಾತ್ರಕ್ಕೆ ಜಾಗ ದೊಡ್ಡದಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೆ ಅದು ಅರ್ಥವಾದದ್ದು ಅವರು ಹೇಳಿಕೊಟ್ಟ ಮೇಲೆ. "ನೋಡಮ್ಮ, ಪಕ್ಕದ ಜಾಗ ತಗೊಂಡು ಬೇಲಿ ಆಚೆ ಸರಿಸಿದ್ರೆ ತೋಟ ದೊಡ್ಡದಾಯ್ತಾ? ಇಲ್ಲ. ಗುಂಡಿ ತೆಗೀಬೇಕು, ಗಿಡ ನೆಡಬೇಕು" ಎಂದರು. ಬೇಲಿ ಸರಿಸುವುದೆಂದರೆ ಡಿಸ್ಕುಗಳನ್ನು ಸೇರಿಸಿ ಮಾಡಿದ ವಾಲ್ಯೂಮನ್ನು ಹಿಗ್ಗಿಸುವುದು. ಗಿಡ ನೆಡುವುದೆಂದರೆ ಆ ವಾಲ್ಯೂಮಿನ ಮೇಲೆ ಕಡತಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ಮನ್ನು ಹೊಸ ಬೇಲಿಯವರೆಗೆ ಬೆಳೆಸುವುದು. ನಮ್ಮಲ್ಲಿದ್ದ ಬಗೆಯ ಫೈಲ್ ಸಿಸ್ಟಮ್ಮನ್ನು ಬೆಳೆಸಬಹುದು, ಮತ್ತೆ ಕುಗ್ಗಿಸಲು ಬರುವುದಿಲ್ಲ. ಅದಕ್ಕೇ ಅವರು ಪ್ರತಿ ಹೆಜ್ಜೆಗೂ ಕೈ ತೊಡೆಯ ಮೇಲಿಡಿಸಿದರು.

ಹೊರರೋಗಿಗಳಿಲ್ಲದ ಒಂದು ಭಾನುವಾರ ಬೆಳಿಗ್ಗೆ ಕೆಲಸ ಹಿಡಿದೆವು. ಅಕ್ಕನ ಮೇಲೆ ವಾಲ್ಯೂಮ್ ಹಿಗ್ಗಿತು, ಫೈಲ್ ಸಿಸ್ಟಮ್ ಬೆಳೆಯಿತು. ಚಿತ್ರಗಳು ತೆರೆದೇ ಇದ್ದವು, ಒಂದೂ ಅಲುಗಲಿಲ್ಲ. ಕೊನೆಗೆ ಕೆಲಸವನ್ನು ತಂಗಿಗೆ ಒಪ್ಪಿಸಿ, ಅವಳ ಕೈಯಲ್ಲೂ ಎಲ್ಲ ತೆರೆಯುತ್ತದೆಯೇ ಎಂದು ನೋಡಬೇಕಿತ್ತು. ಅಷ್ಟರಲ್ಲಿ ಕೆಳಗೆ ಗದ್ದಲವಾಯಿತು. ತೋಟದ ಕೆಲಸದವರು ತುಂಬಿದ್ದ ಜೀಪು ಮಗುಚಿ ಗಾಯಾಳುಗಳು ಬಂದಿದ್ದರು. ಒಂದು ಗಳಿಗೆಯೂ ಚಿತ್ರಗಳನ್ನು ನಿಲ್ಲಿಸಬೇಡಿ ಎಂದು ಡಾಕ್ಟರುಗಳು ಹೇಳಿ ಕಳಿಸಿದರು. ತಂಗಿಯ ಪರೀಕ್ಷೆ ಮುಂದಕ್ಕೆ ಹೋಯಿತು. ಜೀಪಿನವರೆಲ್ಲ ಉಳಿದರು ಎಂಬ ಸಂತೋಷದಲ್ಲಿ ಅದು ಮರೆತೂ ಹೋಯಿತು.

ಮುಂದಿನ ವಾರ ಒಂದು ಬೆಳಿಗ್ಗೆ ಅಕ್ಕನ ಪವರ್ ಸಪ್ಲೈ ಸುಟ್ಟಿತು. ಹೊಸದು ಮೈಸೂರಿನಿಂದ ಬರಬೇಕು. ನಾನೇನೂ ಗಾಬರಿಯಾಗಲಿಲ್ಲ, ತಂಗಿ ಇದ್ದಾಳಲ್ಲ. ಆದರೆ ತಂಗಿ ಕಪಾಟಿನ ಬಾಗಿಲು ತೆರೆಯಲೇ ಇಲ್ಲ. ವಾಲ್ಯೂಮ್ ಮಾಡಿದ ಡಿಸ್ಕುಗಳ ಗುಂಪಿನಲ್ಲಿ ಒಂದು ಕಾಣುತ್ತಿಲ್ಲ ಎಂದು ಅದೇ ಮಾತನ್ನು ಮತ್ತೆ ಮತ್ತೆ ಪರದೆಯ ಮೇಲೆ ಬರೆದಳು. ಕೆಳಗೆ ಎಲ್ಲ ಕೋಣೆಯಲ್ಲೂ ಚಿತ್ರಗಳು ಮಾಯ.

ಆ ಹೊತ್ತಿಗೆ ಎಕ್ಸ್‌ರೇ ಕೋಣೆಯ ಮುಂದಿನ ಬೆಂಚಿನಲ್ಲಿ ಗಾಳಿಬೀಡಿನ ಸೀತಮ್ಮ ಕೂತಿದ್ದರು. ತಿಂಗಳಿಂದ ಕೆಮ್ಮು. ಹೊಸ ಎಕ್ಸ್‌ರೇಯಲ್ಲಿ ಅವರ ಬಲಗಡೆ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಮಚ್ಚೆ ಕಂಡಿತ್ತು. ಅದು ಹೊಸದಾಗಿ ಬಂದದ್ದಾದರೆ ಮೈಸೂರಿಗೆ ಹೋಗಿ ಸೂಜಿ ಹಾಕಿ ಒಂದು ಚೂರು ತೆಗೆಸಿ ಪರೀಕ್ಷೆ ಮಾಡಿಸಬೇಕು. ಎಂದೋ ಆಗಿ ಮಾಗಿದ ಗಾಯದ ಕಲೆಯಾದರೆ ಹೆದರಬೇಕಾದ್ದು ಕಡಿಮೆ, ಕೆಮ್ಮಿಗೆ ಮದ್ದು ಕೊಟ್ಟು ನೋಡಬಹುದು. ಹಲವು ವರ್ಷಗಳ ಹಿಂದೆ ಜ್ವರಕ್ಕೆಂದು ಅವರು ಇಲ್ಲೇ ಎಕ್ಸ್‌ರೇ ತೆಗೆಸಿದ್ದರು. ಅದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ ಎಂದು ಎದೆರೋಗದ ಡಾಕ್ಟರಮ್ಮ ಹೇಳಿದ್ದರು. ಅಳಿಸಿಬಿಡಿ ಎಂದು ಆಡಳಿತದವರು ಹೇಳಿದ್ದ ವರ್ಷಗಳದ್ದೇ ಆ ಚಿತ್ರ. ಸೀತಮ್ಮನ ಅಕ್ಕ ಇಂಥದೇ ಪರೀಕ್ಷೆಗೆಂದು ಮೈಸೂರಿಗೆ ಹೋದವರು ತಿರುಗಿ ಬಂದಿರಲಿಲ್ಲ. ಮೈಸೂರಿಗೆ ಕಳಿಸುವುದಾದರೆ ನಾನು ಸೀದಾ ಮನೆಗೆ ಹೋಗುತ್ತೇನೆ, ಮದ್ದೂ ಬೇಡ ಎಂದು ಅವರು ಡಾಕ್ಟರಮ್ಮನಿಗೆ ಹೇಳಿಬಿಟ್ಟಿದ್ದರಂತೆ.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆಗ ನಾನು ಮಹಡಿಯ ಮೇಲೆ ಫೋನು ಕಿವಿಗಿಟ್ಟುಕೊಂಡು ಬೆವರುತ್ತಿದ್ದೆ. ಡಿಸ್ಕು ಕೊಟ್ಟವರ ಕಡೆಯ ಒಬ್ಬಾತ ಅತ್ತ ಕಡೆಯಿಂದ ಆಜ್ಞೆ ಹೇಳುತ್ತಿದ್ದ, ನಾನು ಟೈಪು ಮಾಡುತ್ತಿದ್ದೆ. ಮೊಣ್ಣಪ್ಪ ಸರ್ ಮೆಟ್ಟಿಲು ಹತ್ತಿ ಬಂದು ನನ್ನ ಹಿಂದೆ ನಿಂತರು. ನನ್ನ ಕೈಗಳು ತಾವಾಗಿಯೇ ತೊಡೆಯ ಮೇಲೆ ಹೋದವು.

"ಏನು ಬರ್ದಿದ್ದೀ? ಹೇಳು" ಎಂದರು.

ಕಾಣದ ಡಿಸ್ಕನ್ನು ಇಲ್ಲವೆಂದೇ ತಿಳಿದು, ಗುಂಪಿನಿಂದ ತೆಗೆದುಹಾಕಿ, ಉಳಿದದ್ದನ್ನು ತೆರೆ ಎಂದು ಬರೆದಿದ್ದೇನೆ ಸರ್ ಎಂದೆ. ಹೇಳುತ್ತಿದ್ದ ಹಾಗೆಯೇ ನನ್ನ ದನಿ ಸಣ್ಣದಾಯಿತು.

"ಕಾಣದೆ ಇರೋದು, ಇಲ್ಲದೆ ಇರೋದು, ಎರಡೂ ಒಂದಾ?"

ಎಂಟರ್ ಒತ್ತಿದ್ದರೆ ಆ ಡಿಸ್ಕಿನಲ್ಲಿದ್ದದ್ದೆಲ್ಲ ಹೋಗುತ್ತಿತ್ತು. ನಾನು ಬರೆದದ್ದನ್ನು ಅಳಿಸಿದೆ. ಅವರು ಕಪಾಟಿನ ಪರದೆಯ ಮುಂದೆ ಹೋಗಿ ಕೂತು ಒಂದೊಂದೇ ಸಾಲು ಓದಿದರು. ಯಾವ ಡಿಸ್ಕನ್ನು ಯಾವ ಯಂತ್ರ ನೋಡಬಹುದು ಎಂದು ಅಲ್ಲಿ ಬರೆದಿರುತ್ತದೆ. ಹೊಸ ಡಿಸ್ಕುಗಳಲ್ಲಿ ಒಂದರ ಎದುರು ಅಕ್ಕನ ಹೆಸರು ಮಾತ್ರ ಇತ್ತು. ಬೇಲಿ ಸರಿದದ್ದನ್ನು ತಂಗಿಗೆ ಯಾರೂ ತಿಳಿಸಿರಲಿಲ್ಲ. ಆ ಸಾಲು ಬರೆದವರು ಮೊಣ್ಣಪ್ಪ ಸರ್. ನನ್ನ ಕೈಯಲ್ಲಿ ಪ್ರತಿ ಅಕ್ಷರ ಒಪ್ಪಿಸಿಕೊಳ್ಳುತ್ತಿದ್ದವರು ಅದನ್ನು ಮಾತ್ರ ತಾವೊಬ್ಬರೇ ಕೂತು ಬರೆದಿದ್ದರು.

ಅಷ್ಟರಲ್ಲಿ ಡಾಕ್ಟರಮ್ಮ ತಾವೇ ಮೇಲೆ ಬಂದರು, ಅವರ ಬೆನ್ನಿಗೆ ಆಡಳಿತದವರು. ಮೊಣ್ಣಪ್ಪ ಸರ್ ಎದ್ದು ನಿಂತರು, ಮೇಲಧಿಕಾರಿಗೆ ವರದಿ ಒಪ್ಪಿಸುವವರ ಹಾಗೆ.

"ಚಿತ್ರ ಎಲ್ಲೂ ಹೋಗಿಲ್ಲ ಡಾಕ್ಟ್ರೇ. ಹೊಸ ಡಿಸ್ಕು ಈ ಯಂತ್ರಕ್ಕೆ ನಾನು ತೋರಿಸಿರ್ಲಿಲ್ಲ. ತಪ್ಪು ನಂದು. ಒಂದು ಕಾಫಿ ಕುಡಿಯೋಷ್ಟು ಹೊತ್ತು ಕೊಡಿ."

ಡಾಕ್ಟರಮ್ಮ ಕುರ್ಚಿ ಎಳೆದು ಕೂತರು. ಮೊಣ್ಣಪ್ಪ ಸರ್ ತಂಗಿಯ ಹೆಸರು ಸೇರಿಸಿದರು, ಕೈ ತೊಡೆಯ ಮೇಲಿಟ್ಟರು, ಬರೆದದ್ದನ್ನು ನನಗೆ ಒಪ್ಪಿಸಿದರು. ಅವತ್ತು ಮೊದಲ ಸಲ ತಲೆಯಾಡಿಸಿದ್ದು ನಾನು. ತಂಗಿಗೆ ಮತ್ತೊಮ್ಮೆ ಡಿಸ್ಕುಗಳನ್ನು ಹುಡುಕಲು ಹೇಳಿದೆವು. ಕಂಡಿತು ಎಂದಳು. ವಾಲ್ಯೂಮ್ ತೆರೆಯಿತು, ಫೈಲ್ ಸಿಸ್ಟಮ್ ಪೂರ್ತಿ ಅಳತೆಯಲ್ಲಿ ಬಂದು ನಿಂತಿತು. ಡಾಕ್ಟರಮ್ಮ ನಮ್ಮ ಪರದೆಯಲ್ಲೇ ಸೀತಮ್ಮನ ಎರಡೂ ಚಿತ್ರ ಅಕ್ಕಪಕ್ಕ ಇಡಿಸಿ ಬಹಳ ಹೊತ್ತು ನೋಡಿದರು. ಅದೇ ಜಾಗ, ಅದೇ ಅಳತೆ, ಕಲೆ ಮೊದಲೇ ಇತ್ತು. ಅವರು ಇಳಿದು ಹೋದರು, ಹಿಂದೆಯೇ ಮೊಣ್ಣಪ್ಪ ಸರ್ ಕೂಡ ಹೋದರು. ನಾನು ಉಳಿದ ಚಿತ್ರಗಳನ್ನು ಪರೀಕ್ಷೆ ಮಾಡುತ್ತಾ ಮೇಲೆಯೇ ಇದ್ದೆ.

ಈ ಕಥೆಯನ್ನು ನಾನು ಎಷ್ಟೋ ಕಡೆ ಹೇಳಿದ್ದೇನೆ. ನಮ್ಮ ಕೆಲಸದವರು ಸೇರಿದಲ್ಲೆಲ್ಲ ಹೊಸ ಡಿಸ್ಕನ್ನು ಎರಡೂ ಯಂತ್ರಕ್ಕೆ ತೋರಿಸಲು ಮರೆಯಬೇಡಿ ಎಂದು ಉದಾಹರಣೆ ಸಮೇತ ವಿವರಿಸುತ್ತೇನೆ. ಮೊನ್ನೆ ಪೆಟ್ಟಿಗೆ ಬಿಚ್ಚಿದ ಮೇಲೆ ಮೊಣ್ಣಪ್ಪ ಸರ್ ಅವರನ್ನು ನೋಡಬೇಕು ಅನ್ನಿಸಿತು. ರಜೆ ಹಾಕಿ ಹುದಿಕೇರಿ ಬಸ್ಸು ಹತ್ತಿದೆ. ಅವರಿಗೆ ಈಗ ವಯಸ್ಸಾಗಿದೆ, ನಡೆಯುವಾಗ ಕೋಲು ಬೇಕು, ಎದುರು ಮಾತಾಡದ ಕಾಫಿ ಗಿಡಗಳ ಜೊತೆ ರಾಜಿಯಾಗಿದ್ದಾರೆ. ಊಟ ಬಡಿಸುತ್ತಾ ಅವರ ಮನೆಯವರು, ಇವರು ಇಂಗ್ಲಿಷ್ ಪೇಪರನ್ನೂ ನನಗೆ ಕನ್ನಡದಲ್ಲಿ ಒಪ್ಪಿಸುತ್ತಾರೆ ಎಂದು ದೂರು ಹೇಳಿದರು. ಊಟವಾದ ಮೇಲೆ ನಾನು ಹಳೆಯ ಘಟನೆ ತೆಗೆದೆ. ಅಕ್ಕ, ತಂಗಿ ನೆನಪಿದ್ದರು. ಡಿಸ್ಕಿನ ಎದುರು ಯಾರ ಹೆಸರಿತ್ತು, ನಾನೇನು ಟೈಪು ಮಾಡಿದ್ದೆ, ಯಾವುದೂ ಅವರಿಗೆ ನೆನಪಿರಲಿಲ್ಲ. ತಪ್ಪು ತಮ್ಮದೇ ಎಂದು ಹೇಳಿದ್ದೂ ಮರೆತಿತ್ತು.

"ಆ ಗಾಳಿಬೀಡಿನ ಅಮ್ಮ ಇದ್ರಲ್ಲ," ಎಂದರು. "ನಾನು ಅವ್ರ ಪಕ್ಕ ಬೆಂಚಲ್ಲಿ ಕೂತಿದ್ದೆ. ನೀನು ಮೇಲಿದ್ದೆ, ನಿಂಗೆ ಗೊತ್ತಿಲ್ಲ. ಮೈಸೂರಿಗೆ ಹೋಗೋದು ಬೇಡ ಅಂತ ಡಾಕ್ಟ್ರು ಹೇಳಿದ ಮೇಲೂ ಎದ್ದೇಳ್ಲಿಲ್ಲ ಅವ್ರು. ಇಬ್ರೂ ಸುಮ್ನೆ ಕೂತಿದ್ವಿ. ಆಮೇಲೆ ಬಸ್ಸಿಗೆ ಬಿಟ್ಟು ಬಂದೆ."

ಇಷ್ಟು ವರ್ಷ ನಾನು ಹೇಳಿಕೊಂಡು ಬಂದ ಕಥೆಯಲ್ಲಿ ಆ ಬೆಂಚು ಇರಲೇ ಇಲ್ಲ. ಸೀತಮ್ಮನ ಶ್ವಾಸಕೋಶ ನೋಡಿದ್ದೆ, ಮುಖ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಹೊಸ ಡಿಸ್ಕು ಸೇರಿಸುವ ಕೆಲಸವಿತ್ತು. ಆಸ್ಪತ್ರೆಗೆ ಬಂದವಳು ಮಹಡಿ ಹತ್ತದೆ ಎಕ್ಸ್‌ರೇ ಕೋಣೆಯ ಕಡೆ ತಿರುಗಿದೆ. ಬೆಂಚು ತುಂಬಿತ್ತು. ಕೈಗೆ ಬಟ್ಟೆ ಕಟ್ಟಿಕೊಂಡಿದ್ದ ಒಬ್ಬ ಮುದುಕರು ನನ್ನನ್ನು ನೋಡಿ, ನಾನೂ ಚೀಟಿ ಹಿಡಿದು ಬಂದವಳೆಂದುಕೊಂಡು ಪಕ್ಕಕ್ಕೆ ಸರಿದರು.

"ಕೂತ್ಕೊಳ್ಳಿ, ಜಾಗ ಉಂಟು" ಎಂದರು.

ಅವರ ಸರದಿ ಬರುವವರೆಗೆ ಕೂತಿದ್ದು, ಆಮೇಲೆ ಮೇಲೆ ಹೋದೆ.